ಮಾಸ್ಟರು ಕಾರಿನ ಸಂದು ಮುಚ್ಚಿದ್ದು

"ಅತ್ತೇ, ಕೇಳಿಸ್ಕೊಳ್ಳಿ! ಇವತ್ತಿಗೆ ಈ ಕಾರಿಗೂ ತುಕ್ಕಿಗೂ ಇದ್ದ ಋಣ ಹರೀತು. ಇನ್ನು ಏಳು ತಲೆಮಾರು ಓಡಿಸಿದ್ರೂ ಸರಿ, ಒಂದು ಹನಿ ನೀರು ಒಳಗೆ ಬಂದ್ರೆ ನಾನು ಕತ್ತರಿ ಕೆಳಗಿಟ್ಬಿಡ್ತೀನಿ!"

ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಮಾಸ್ಟರು ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಅವರ ಅತ್ತೆಯವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡಿದರು.

"ಏಳು ತಲೆಮಾರು ಹಾಗಿರ್ಲಿ ಅಳಿಯಂದ್ರೇ. ನಾಳೆ ಸಾಯಂಕಾಲದ ತನಕ ಓಡಿದ್ರೆ ಸಾಕು. ನನ್ನ ಮಗಳು ಟ್ರೈನಿಂದ ಇಳೀತಾಳೆ."

ಮಾಸ್ಟರು ಎಂದರೆ ಪಾಠ ಹೇಳುವ ಮಾಸ್ಟರಲ್ಲ, ಟೈಲರ್ ಮಾಸ್ಟರು. ಬೀದಿಯ ಅರ್ಧ ಜನರ ಸೊಂಟದ ಸುತ್ತಳತೆ ಅವರ ನಾಲಗೆಯ ತುದಿಯಲ್ಲೇ ಇತ್ತು. ಉಳಿದರ್ಧ ಜನ ಆ ಭಯಕ್ಕೇ ರೆಡಿಮೇಡ್ ಬಟ್ಟೆ ತೊಡುತ್ತಿದ್ದರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಹೀಗಾಗಿ ಬೀದಿಯ ಪಾಲಿಗೆ ಇವರು ಮಾಸ್ಟರು, ಅವಳು ಸಿಸ್ಟರು. "ಇವರು ಹೊಲಿಗೆ ಹಾಕೋರು, ಅವರು ಹೊಲಿಗೆ ಬಿಚ್ಚೋರು. ಸಂಸಾರ ಅದು ಹೇಗೆ ಸಾಗ್ತಿದೆಯೋ!" ಎಂದು ಪಕ್ಕದ ಚಪ್ಪಲಿ ಅಂಗಡಿಯವರು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದರು.

ಸಂಸಾರ ಚೆನ್ನಾಗಿಯೇ ಸಾಗುತ್ತಿತ್ತು. ಆದರೆ ಹೋದ ವರ್ಷ ಆಸ್ಪತ್ರೆಯವರು ದೂರದ ಊರೊಂದರಲ್ಲಿ ಹೊಸ ಶಾಖೆ ತೆರೆದು, ಅವಳನ್ನು ಒಂದು ವರ್ಷದ ಮಟ್ಟಿಗೆ ಅಲ್ಲಿಗೆ ಕಳಿಸಿದರು. ಬೆಳಿಗ್ಗೆ ಟ್ರೈನು ಹತ್ತಿದರೆ ಕತ್ತಲಾಗುವ ಹೊತ್ತಿಗೆ ತಲುಪುವಷ್ಟು ದೂರ. "ಒಂದು ವರ್ಷ ಏನು ಮಹಾ! ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿದುಹೋಗತ್ತೆ, ಹೋಗು!" ಎಂದು ಎದೆ ತಟ್ಟಿ ಕಳಿಸಿಕೊಟ್ಟವರು ಮಾಸ್ಟರೇ. ಅವಳು ಹೋದ ರಾತ್ರಿಯಿಂದ ಅವರಿಗೆ ಕಣ್ಣು ಮುಚ್ಚುವುದೇ ಕಷ್ಟವಾಯಿತು.

ಮನೆಯಲ್ಲಿ ಉಳಿದವರು ಅತ್ತೆ ಮತ್ತು ಅಳಿಯ. ಹೆಂಡತಿಯಿಲ್ಲದ ಮನೆಯಲ್ಲಿ ಹೆಂಡತಿಯ ತಾಯಿಯ ಜೊತೆ ದಿನ ನೂಕುವುದೆಂದರೆ ಸಕ್ಕರೆ ಖಾಲಿಯಾದ ಡಬ್ಬಿಯ ಮೇಲಿನ ಚೀಟಿ ಓದುತ್ತ ಕೂತ ಹಾಗೆ. ಮೂಗು ಅವಳದೇ, ಕೋಪ ಬಂದಾಗ ಮೇಲೇರುವ ಎಡಹುಬ್ಬು ಅವಳದೇ, ಕೆಮ್ಮುವ ರೀತಿ ಕೂಡ ಅವಳದೇ. ಅವಳು ಮಾತ್ರ ಇಲ್ಲ! ಎಷ್ಟೋ ಸಲ ಅಡುಗೆಮನೆಯಿಂದ ಆ ಕೆಮ್ಮು ಕೇಳಿ ಮಾಸ್ಟರು ಹೊಲಿಗೆ ಯಂತ್ರದಿಂದ ಥಟ್ಟನೆ ತಲೆಯೆತ್ತಿ, ಬಟ್ಟೆಯ ಬದಲು ಬೆರಳಿಗೆ ಸೂಜಿ ಹಾಯಿಸಿಕೊಂಡದ್ದುಂಟು.

ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಅವಳಿದ್ದಾಗ ಆಸ್ಪತ್ರೆಯಿಂದ ಬಂದವಳು ಒಳಕ್ಕೂ ಹೋಗದೆ ಕತ್ತರಿಸುವ ಮೇಜಿನ ಅಂಚಿನ ಮೇಲೆ ಕೂತು, ನೋಯುವ ಪಾದಗಳನ್ನು ಇಳಿಬಿಟ್ಟು, ಅಂದಿನ ರೋಗಿಗಳ ಕಥೆಯೆಲ್ಲ ಹೇಳುತ್ತಿದ್ದಳು. "ಆ ಮೇಜು ನೋಡು, ಮೂರು ಕಾಲಿನ ಮೇಲೆ ನಿಂತಿದೆ. ನೀನು ಕೂತು ಕೂತು ಇನ್ನೊಂದು ಕಾಲು ಮುರಿಯೋದು ಬಾಕಿ" ಎಂದು ಮಾಸ್ಟರು ಗೊಣಗುತ್ತಿದ್ದರು. ಈಗ ಆ ಅಂಚಿನ ಮೇಲೆ ಅವರು ಬಟ್ಟೆ ಕೂಡ ಇಡುತ್ತಿರಲಿಲ್ಲ.

ದಿನಾ ಫೋನು ಬರುತ್ತಿತ್ತು.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು."

"ಮತ್ತೆ?"

"ಮತ್ತೇನಿಲ್ಲ."

ಆಮೇಲೆ ಇಬ್ಬರೂ ಫೋನಿಡದೆ ಆ ಕಡೆಯ ಉಸಿರಿನ ಸದ್ದು ಕೇಳುತ್ತ ನಿಲ್ಲುತ್ತಿದ್ದರು. ಮಾಸ್ಟರ ಮಾತು ಗಂಟುಬಿದ್ದ ದಾರದ ಹಾಗೆ ಸಿಕ್ಕಿಕೊಂಡಿರುತ್ತಿತ್ತು. ಅದನ್ನು ಬಿಡಿಸುವಷ್ಟರಲ್ಲಿ ಅವಳನ್ನು ಯಾರೋ ರೋಗಿ ಕರೆದಿರುತ್ತಿದ್ದರು.

ಹೋದ ಸಲ ರಜೆಗೆ ಬಂದವಳನ್ನು ವಾಪಸ್ ಬಿಡಲು ಹೊರಟಾಗ ಜೋರು ಮಳೆ. ಕಾರು ಇಬ್ಬರೂ ಸೇರಿ ಕೊಂಡದ್ದು, ಕೊಳ್ಳುವಾಗಲೇ ಮುದುಕ. ದಾರಿಯಲ್ಲಿ ಒಂದು ಗುಂಡಿಗೆ ಇಳಿದದ್ದೇ ತಡ, ಕಾಲ ಬುಡದ ತಗಡಿನ ಸಂದಿನಿಂದ ಕೆಸರು ನೀರು ಕಾರಂಜಿಯಂತೆ ಚಿಮ್ಮಿ ಅವಳ ಬಿಳಿ ಬೂಟು ತೊಯ್ದುಹೋಯಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ರೀ, ಮುಂದಿನ ಸಲ ನಾನು ಬರೋಷ್ಟರಲ್ಲಿ ಈ ಕಾರಲ್ಲಿ ಸ್ಟೀರಿಂಗ್ ಒಂದೇ ಉಳಿದಿರತ್ತೆ. ಅದನ್ನೇ ಹಿಡ್ಕೊಂಡು ಸ್ಟೇಷನ್ನಿಗೆ ಓಡ್ಕೊಂಡು ಬನ್ನಿ!"

ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಅವಳು ಒದ್ದೆ ಬೂಟನ್ನೇ ನೋಡುತ್ತ, "ಇನ್ನೊಂದು ವರ್ಷ ಇರ್ತೀರಾ ಅಂತ ಕೇಳ್ತಿದಾರೆ ರೀ" ಎಂದಳು.

ಮಾಸ್ಟರಿಗೆ ಎದೆಯಲ್ಲಿ ಯಾರೋ ಕತ್ತರಿ ಆಡಿಸಿದಂತಾಯಿತು. ಬೇಡ, ಬಂದುಬಿಡು, ಮನೆ ಮನೆಯಂತಿಲ್ಲ, ಎನ್ನಬೇಕೆಂದು ಬಾಯಿ ತೆರೆದರು. ಆದರೆ ಅಲ್ಲಿ ಅವಳು ಇಡೀ ವಾರ್ಡಿಗೆ ಹೆಡ್ಡು. ಅವಳ ಮಾತಿಗೆ ಡಾಕ್ಟರುಗಳೂ ತಲೆಯಾಡಿಸುತ್ತಾರಂತೆ. ಅಂಥವಳ ಕಾಲಿಗೆ ತಾನೇ ಹಗ್ಗ ಕಟ್ಟುವುದೇ? ತೆರೆದ ಬಾಯಿಯಿಂದ ಬಂದ ಮಾತು ಇಷ್ಟು: "ಕಾರಿನ ತಳ ಸರಿ ಮಾಡ್ತೀನಿ."

ಅವಳು ಒಂದು ಗಳಿಗೆ ಅವರ ಮುಖ ನೋಡಿದಳು. "ಹೂಂ. ಮಾಡಿ" ಎಂದು ಟ್ರೈನು ಹತ್ತಿದಳು.

ಅಂದು ಮನೆಯಿಂದ ಹೊರಡುವ ಮುಂಚೆ ಅವಳನ್ನು ತಬ್ಬಿಕೊಂಡಾಗ ಟೇಪು ಬೇಕಾಗಲಿಲ್ಲ. ಸೊಂಟ ಒಂದೂವರೆ ಇಂಚು ಇಳಿದಿತ್ತು. ಕೈಗೆ ಗೊತ್ತಾದದ್ದನ್ನು ಬಾಯಿ ಹೇಳಲಿಲ್ಲ.

ಹಾಗಾಗಿಯೇ ಈ ಪ್ರತಿಜ್ಞೆ. ಅವಳು ಮತ್ತೆ ಬರುವ ಹೊತ್ತಿಗೆ ಕಾರು ಗಟ್ಟಿಯಾಗಿರಬೇಕು. ಕಾರು ಗಟ್ಟಿಯಾದರೆ ಅವಳು ಅದರಲ್ಲಿ ಕೂರುತ್ತಾಳೆ. ಕೂತರೆ ಒಂದು ಸುತ್ತು ಸಮುದ್ರದ ಕಡೆ ಹೋಗಿ ಬರಬಹುದು. ಸಮುದ್ರದ ಮುಂದೆ ಎಂಥ ಮೂಗನಿಗೂ ಮಾತು ಬರುತ್ತದೆ. ಮಾಸ್ಟರ ಲೆಕ್ಕಾಚಾರ ಇಷ್ಟು ಸರಳವಾಗಿತ್ತು.

ಬಿಡಿಭಾಗದ ಅಂಗಡಿಯವನು ತಗಡಿನ ಸಂದು ಮುಚ್ಚುವ ಅಂಟು, ಬಾಡಿ ಸೀಲರಿನ ಟ್ಯೂಬುಗಳನ್ನೂ ಅದನ್ನು ಒತ್ತುವ ಗನ್ನನ್ನೂ ತಂದಿಟ್ಟು, "ಒಂದು ಸಲ ಹಚ್ಚಿದ್ರೆ ಆನೆ ಎಳೆದ್ರೂ ಬರಲ್ಲ ಸಾರ್. ನೀರು ಬಿದ್ದಷ್ಟೂ ಗಟ್ಟಿ ಆಗತ್ತೆ. ನಮ್ಮ ಮಾವ ಇದನ್ನ ಹಚ್ಚಿದ ಕಾರು ಹೊಳೆಗೆ ಬಿದ್ದು ದೋಣಿ ಥರ ತೇಲಿ ಬಂತು!" ಎಂದ.

"ಹಚ್ಚೋದು ಹೇಗೆ ಅಂತ ಹೇಳಬೇಡ" ಎಂದರು ಮಾಸ್ಟರು ಕೈಯೆತ್ತಿ. "ಸಂದು ಅಂದ್ರೇನು? ಎರಡು ತಗಡು ಸೇರೋ ಜಾಗ. ಹೊಲಿಗೆ ಅಂದ್ರೇನು? ಎರಡು ಬಟ್ಟೆ ಸೇರೋ ಜಾಗ. ನನ್ನ ಜೀವಮಾನ ಸೇರೋ ಜಾಗದಲ್ಲೇ ಕಳೆದಿದೆ."

ಮನೆಗೆ ಬಂದು ಅಂಗಿ ಕಳಚಿ ಕೆಲಸಕ್ಕಿಳಿದರು. ಒಪ್ಪಬೇಕಾದದ್ದನ್ನು ಒಪ್ಪಬೇಕು, ಕೈಗುಣ ಇತ್ತು. ಒಡೆದು ಹಪ್ಪಳದಂತಾಗಿದ್ದ ಹಳೆಯ ಸೀಲರನ್ನು ಕೆರೆದರು. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ತಗಡು ಹೊಳೆಯುವಂತೆ ಮಾಡಿ, ಕೆಂಪು ಪ್ರೈಮರು ಹೊಡೆದು ಒಣಗಿಸಿದರು. ಆಮೇಲೆ ಗನ್ನು ಹಿಡಿದು ತಳದ ಸಂದು, ಚಕ್ರದ ಕಮಾನಿನ ಸಂದು, ಡಿಕ್ಕಿಯ ಮೂಲೆ ಎಂದು ಒಂದೊಂದಕ್ಕೂ ಒಂದೇ ಸಮನಾದ ಗೆರೆ ಎಳೆದು, ಒದ್ದೆ ಬೆರಳಿನಿಂದ ತೀಡಿದರು. ಬಾಗಿಲಿನ ಅಂಚಿಗೆ ಬಂದಾಗಲಂತೂ ಅವರಿಗೆ ರೋಮಾಂಚನವಾಯಿತು. ಹೊರಗಿನ ತಗಡನ್ನು ಒಳಗಿನ ತಗಡಿನ ಮೇಲೆ ಮಡಚಿ ಕೂರಿಸಿದ್ದರು, ಥೇಟ್ ಪ್ಯಾಂಟಿನ ಕಾಲಿನ ಮಡಿಕೆಯಂತೆ!

"ಅತ್ತೇ! ಕಾರು ಮಾಡಿದವನೂ ಟೈಲರೇ!"

"ಹಾಗಾದ್ರೆ ಹೇಳಿದ ದಿನಕ್ಕೆ ಕೊಟ್ಟಿರಲ್ಲ" ಎಂದರು ಅತ್ತೆಯವರು ಒಳಗಿನಿಂದ.

ಬಾಗಿಲ ಕೆಳ ಅಂಚಿನಲ್ಲಿ ಮಾಸ್ಟರ ಕಣ್ಣಿಗೆ ಒಂದು ಘೋರ ಅಪರಾಧ ಬಿತ್ತು. ಅಲ್ಲಲ್ಲಿ ಬೆರಳಗಲದ ಕಿಂಡಿಗಳು! ಮಡಿಕೆಯನ್ನು ಅಷ್ಟು ಚೆನ್ನಾಗಿ ಕೂರಿಸಿ ಕೆಳಗೆ ಹೊಲಿಗೆಯನ್ನೇ ಬಿಟ್ಟಿದ್ದಾನೆ! "ಸಾಯಂಕಾಲದ ಪಾಳಿಯವನು ಇರಬೇಕು. ಮನೆಗೆ ಹೋಗೋ ಆತುರ!" ಎಂದು ಆ ಅಜ್ಞಾತ ಸೋಮಾರಿಯನ್ನು ಕ್ಷಮಿಸಿ, ಕಿಂಡಿ ಕಿಂಡಿಗೂ ಸೀಲರು ತುರುಕಿ, ಮೇಲೊಂದು ಗುಂಡಿ ಹೊಲಿದಷ್ಟು ಅಂದವಾಗಿ ಬಿಲ್ಲೆ ಕೂರಿಸಿದರು. ಮೊದಲ ದಿನ ಮುಂದಿನ ಎರಡು ಬಾಗಿಲಾಯಿತು. ಮಾರನೆಯ ದಿನ ಮಧ್ಯಾಹ್ನ ಹಿಂದಿನ ಎಡಬಾಗಿಲು, ಅದರ ಚೌಕಟ್ಟು. ಹಿಂದಿನ ಬಲಬಾಗಿಲು ಕಾರು ಕೊಂಡಂದಿನಿಂದ ತೆರೆದೇ ಇರಲಿಲ್ಲ, ಹಾಗಾಗಿ ಅದೊಂದು ಬಚಾವಾಯಿತು.

ಎಲ್ಲ ಮುಗಿಸಿ ನಿಂತು ನೋಡಿದರೆ, ಅವಳು ಇಳಿಯುವುದಕ್ಕೆ ಇನ್ನೂ ಸಾಕಷ್ಟು ಹೊತ್ತಿತ್ತು. ಮಾಸ್ಟರಿಗೆ ಪರೀಕ್ಷೆ ಮಾಡುವ ಹುಕಿ ಬಂತು.

"ಅತ್ತೇ, ಪೈಪು ಬಿಡ್ತೀನಿ. ನೀವು ಒಳಗೆ ಕೂತ್ಕೊಂಡು ಎಲ್ಲಾದ್ರೂ ಸೋರತ್ತಾ ನೋಡ್ತೀರಾ?"

ಬೇರೆ ದಿನವಾಗಿದ್ದರೆ ಅತ್ತೆಯವರು ಎಡಹುಬ್ಬು ಏರಿಸುತ್ತಿದ್ದರು. ಅಂದು ಮರುಮಾತಿಲ್ಲದೆ ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕೂತು, ಬಾಗಿಲನ್ನು ಧಡ್ ಎಂದು ಎಳೆದುಕೊಂಡರು. ಬಾಗಿಲಂಚಿನ ಹಸಿ ಸೀಲರು ಚೌಕಟ್ಟಿನ ಹಸಿ ಸೀಲರನ್ನು ವರ್ಷಗಟ್ಟಲೆ ಅಗಲಿದ್ದವರ ಹಾಗೆ ತಬ್ಬಿಕೊಂಡಿತು!

ಮಾಸ್ಟರು ಪೈಪು ಹಿಡಿದು ಕಾರಿಗೆ ಮಜ್ಜನ ಮಾಡಿಸಿದರು. ಚಾವಣಿ, ಗಾಜು, ಬಾಗಿಲು ಯಾವುದನ್ನೂ ಬಿಡದೆ ನೀರು ಸುರಿದರು.

"ಸೋರ್ತಿದೆಯಾ ಅತ್ತೇ?"

"ಇಲ್ಲ!"

"ಒಂದು ಹನಿ?"

"ಅರ್ಧ ಹನಿನೂ ಇಲ್ಲ!" ಅತ್ತೆಯವರ ದನಿಯಲ್ಲೂ ಅವರಿಗರಿಯದೆ ಹೆಮ್ಮೆ ಇಣುಕಿತು.

ಸುರಿದ ನೀರೆಲ್ಲ ಹೋಯಿತೆಲ್ಲಿಗೆ ಎಂದು ಇಬ್ಬರೂ ಯೋಚಿಸಲಿಲ್ಲ. ಮಾಸ್ಟರು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಮತ್ತೊಮ್ಮೆ ಬಾಚಿ ಹೊರಗೆ ಬಂದರು. ಅತ್ತೆಯವರು ಇನ್ನೂ ಕಾರಿನಲ್ಲೇ ಇದ್ದರು.

"ಇಳೀರಿ ಅತ್ತೆ, ಬಟ್ಟೆ ಬದಲಾಯಿಸ್ಕೊಂಡು ಬನ್ನಿ. ಹೊರಡೋಣ."

"ಅದನ್ನೇ ಆಗಿಂದ ಮಾಡ್ತಿದೀನಿ. ಬಾಗಿಲು ಬರ್ತಿಲ್ಲ."

ಮಾಸ್ಟರು ಎಳೆದರು. ಅತ್ತೆಯವರು ನೂಕಿದರು. ಮಾಸ್ಟರು ಕಾಲು ಕೊಟ್ಟು ಎಳೆದರು. ಹಿಡಿ ಕೈಗೆ ಬರುವ ಲಕ್ಷಣ ಕಂಡಿತೇ ಹೊರತು ಬಾಗಿಲು ಮಿಸುಕಲಿಲ್ಲ. ಅಂಗಡಿಯವನು ಬಣ್ಣಿಸಿದ ಆನೆ ಬಂದಿದ್ದರೂ ಕೈಚೆಲ್ಲುತ್ತಿತ್ತು! ಮುಂದಿನ ಸೀಟಿನ ಮೇಲಿಂದ ದಾಟಿಸೋಣವೆಂದರೆ ಅತ್ತೆಯವರ ಮೊಣಕಾಲುಗಳು ಮೆಟ್ಟಿಲು ಕಂಡರೇ ಮುನಿಸಿಕೊಳ್ಳುವಂಥವು. ಕಿಟಕಿಯ ಗಾಜು ಇಳಿಸಿ ನೋಡಿದರು. ತಲೆ ಹೊರಬಂತು, ಭುಜ ಬರಲಿಲ್ಲ.

"ಅಳಿಯಂದ್ರೇ," ಕಿಟಕಿಯಿಂದ ತಲೆ ಹೊರಹಾಕಿದ್ದ ಅತ್ತೆಯವರು ಬಲು ಶಾಂತವಾಗಿ ಹೇಳಿದರು, "ನಿಮಗೆ ಮಗಳನ್ನ ಕೊಟ್ಟೆ. ಅದಕ್ಕೆ ನನ್ನನ್ನ ಹೀಗೆ ಮೊಹರು ಮಾಡಿ ಇಟ್ಕೋಬೇಕಾ?"

ಅಷ್ಟರಲ್ಲಿ ಟ್ರೈನಿನ ಹೊತ್ತಾಗಿತ್ತು. ಬೇರೆ ದಾರಿಯಿಲ್ಲದೆ ಮಾಸ್ಟರು ಅತ್ತೆಯವರನ್ನು ಹಾಗೇ ಹಿಂದೆ ಕೂರಿಸಿಕೊಂಡು ಹೊರಟರು. ಮೊದಲ ತಿರುವಿನಲ್ಲೇ ಒಂದು ವಿಚಿತ್ರ ಸದ್ದು ಬಂತು: ಗುಳುಕ್... ಗುಳುಕ್...

"ಏನದು?"

"ಏನಿಲ್ಲ. ಎಂಜಿನ್ನು."

"ಎಂಜಿನ್ನು ಮುಂದಲ್ವಾ ಇರೋದು? ನನ್ನ ಮೊಣಕೈ ಪಕ್ಕ ಯಾರೋ ನೀರು ಕುಡೀತಿದಾರೆ."

ಮಾಸ್ಟರು ಗೇರು ಬದಲಿಸಿದರು. ಆಮೇಲೆ ಕೇಳಿದರು, "ಅತ್ತೆ, ನೀವು ದಿನಾ ಮಧ್ಯಾಹ್ನ ಈ ಕಾರಲ್ಲಿ ಬಂದು ಕೂರ್ತೀರಲ್ಲ. ಅಂಗಡಿಯಿಂದ ನೋಡ್ತಿರ್ತೀನಿ. ಯಾಕೆ?"

"ಮನೆಯಲ್ಲಿ ಸೆಖೆ."

"ಚಳಿಗಾಲದಲ್ಲೂ ಕೂತಿದ್ರಿ."

ಕನ್ನಡಿಯಲ್ಲಿ ಅತ್ತೆಯವರು ಕಿಟಕಿಯ ಕಡೆ ಮುಖ ತಿರುಗಿಸಿದ್ದು ಕಂಡಿತು. "ಹೋದ ಸಲ ಹೋಗೋವಾಗ ಅವಳು ತಲೆಗೆ ಹಚ್ಚೋ ಎಣ್ಣೆ ಸೀಸೆ ಈ ಸೀಟಿನ ಮೇಲೆ ಚೆಲ್ಲಿಬಿಟ್ಟಿದ್ಲು. ವಾಸನೆ ಇನ್ನೂ ಇದೆ."

ಮಾಸ್ಟರಿಗೆ ರಸ್ತೆ ಒಂದು ಗಳಿಗೆ ಮಸುಕಾಯಿತು. ಆ ವಾಸನೆ ಅವರಿಗೂ ಗೊತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ಕಾರು ಒರೆಸುವ ನೆಪದಲ್ಲಿ ಅವರೂ ಅದೇ ಸೀಟಿನಲ್ಲಿ ಕೂರುತ್ತಿದ್ದರು.

"ನೀವು ಅವಳಿಗೆ ಬಾ ಅಂತ ಯಾಕೆ ಹೇಳಲ್ಲ?" ಅತ್ತೆಯವರು ಕೇಳಿದರು.

"ನೀವು ಹೇಳಬಹುದಲ್ಲ?"

"ನಾನು ತಾಯಿ. ಹೇಳಿದ್ರೆ ಅವಳ ಏಳಿಗೆಗೆ ಅಡ್ಡ ಬಂದ ಹಾಗಾಗತ್ತೆ."

"ನಾನು ಗಂಡ. ಹೇಳಿದ್ರೆ ಕಟ್ಟಿಹಾಕಿದ ಹಾಗಾಗತ್ತೆ."

"ಸರಿ ಹೋಯ್ತು" ಎಂದರು ಅತ್ತೆಯವರು. ಬಾಗಿಲು 'ಗುಳುಕ್' ಎಂದಿತು.

ಸ್ಟೇಷನ್ನಿನ ಅಂಗಳದಲ್ಲಿ ಕಾರು ನಿಲ್ಲಿಸುವಷ್ಟರಲ್ಲಿ ಅವಳು ಹೊರಬಂದೇ ಬಿಟ್ಟಿದ್ದಳು. ಕೈಯಲ್ಲಿ ಒಂದೇ ಒಂದು ಚೀಲ. ಕೂದಲು ಗಾಳಿಗೆ ಕೆದರಿತ್ತು, ಕಣ್ಣ ಕೆಳಗೆ ನೆರಳಿತ್ತು. ಮಾಸ್ಟರು ಇಳಿದು ನಿಂತರು. ಹೇಳಬೇಕೆಂದುಕೊಂಡು ಬಂದಿದ್ದ ಮಾತೆಲ್ಲ ಅವಳ ಮುಖ ಕಂಡದ್ದೇ ಹಾರಿಹೋಯಿತು.

"ಊಟ ಆಯ್ತಾ?" ಎಂದರು.

"ಆಯ್ತು. ನಿಮ್ದು?"

"ಆಯ್ತು."

ಅವಳು ತಾಯಿಯ ಕಡೆ ತಿರುಗಿದಳು. ಹಿಂದಿನ ಕಿಟಕಿಯಿಂದ ಅತ್ತೆಯವರು ಮೆರವಣಿಗೆ ಹೊರಟ ಮಹಾರಾಣಿಯಂತೆ ಕೈಬೀಸುತ್ತಿದ್ದರು. "ಅಮ್ಮ, ಇಳಿದು ಬಾರೇ. ತಬ್ಕೋಬೇಕು ನಿನ್ನ."

"ಆಗಲ್ಲ ಕಣೇ."

"ಮಂಡಿ ನೋವಾ?"

"ನಿನ್ನ ಗಂಡನ್ನ ಕೇಳು."

ಅವಳ ಎಡಹುಬ್ಬು ಏರಿತು. "ದಾರಿಯಲ್ಲಿ ಹೇಳ್ತೀನಿ, ನೀನು ಹತ್ತು, ಹತ್ತು" ಎಂದು ಮಾಸ್ಟರು ಅವಸರದಲ್ಲಿ ಅವಳನ್ನು ಮುಂದೆ ಕೂರಿಸಿದರು. ಅವಳು ಮೊದಲು ನೋಡಿದ್ದು ಕಾಲ ಬುಡವನ್ನು. ಅಂದವಾದ ಬೂದು ಗೆರೆಗಳು, ಒಂದು ಕೂದಲೆಳೆಯಷ್ಟೂ ಸೊಟ್ಟವಿಲ್ಲ. "ಅಯ್ಯೋ, ಇದೆಲ್ಲ ನೀವೇ ಮಾಡಿದ್ರಾ?" ಎಂದಳು. ಬೆರಳಿನಿಂದ ಆ ಗೆರೆಯನ್ನು ಸವರಿದಳು. ಮಾಸ್ಟರ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು.

"ಇನ್ನು ನಿನ್ನ ಬೂಟಿಗೆ ಒಂದು ಹನಿ ತಾಗಿದ್ರೆ ಕೇಳು!" ಎನ್ನುತ್ತ ಕಾರು ಹೊರಡಿಸಿದರು. ಗೇಟಿನ ಬಳಿ ಅಡ್ಡ ಬಂದ ತಳ್ಳುಗಾಡಿಯನ್ನು ಕಂಡು ಗಕ್ಕನೆ ಬ್ರೇಕು ಒತ್ತಿದರು.

ಒಂದು ಹನಿ ತಾಗಲಿಲ್ಲ. ತಾಗಿದ್ದು ಒಂದು ಕೊಡ! ಬಾಗಿಲಿನಲ್ಲಿ ಹಿಂದೊಮ್ಮೆ ಸ್ಪೀಕರು ಇದ್ದ ತೂತಿನಿಂದ ನೀರು ಭೋರೆಂದು ನುಗ್ಗಿ ಅವಳ ಮಡಿಲಿಗೆ ಸುರಿದು, ಮಡಿಲಿಂದ ಬೂಟಿಗೆ ಇಳಿಯಿತು. ಮಾಸ್ಟರ ಬಾಗಿಲೂ ಹಿಂದುಳಿಯದೆ ಇಸ್ತ್ರಿ ಮಾಡಿದ ಪ್ಯಾಂಟನ್ನು ತೋಯಿಸಿತು.

"ನನ್ನ ಕಡೆ ಸೋರ್ತಿಲ್ಲ!" ಹಿಂದಿನಿಂದ ಅತ್ತೆಯವರು ಅಭ್ಯಾಸಬಲದಿಂದ ಕೂಗಿದರು.

ಅವಳು ತೊಯ್ದ ಬೆಕ್ಕಿನಂತೆ ಕೆಳಗಿಳಿದು, ಬಗ್ಗಿ ಬಾಗಿಲ ತಳ ನೋಡಿ, ಆ ಬಿಲ್ಲೆಗಳನ್ನು ಮುಟ್ಟಿ ನೋಡಿದಳು. "ರೀ, ಈ ತೂತು ಯಾಕೆ ಮುಚ್ಚಿದ್ರಿ?"

"ಹೊಲಿಗೆ ಬಿಟ್ಟಿದ್ರು."

"ಬಿಟ್ಟಿದ್ದಲ್ಲ ರೀ, ಬೇಕು ಅಂತ ಇಟ್ಟಿದ್ದು! ಕಿಟಕಿ ಸಂದಿಯಿಂದ ಬಾಗಿಲೊಳಗೆ ಇಳಿದ ನೀರು ಹೊರಗೆ ಹೋಗೋದೆಲ್ಲಿಂದ? ಗಾಯಕ್ಕೂ ಹೀಗೇ. ಮೇಲೆ ಪೂರ್ತಿ ಹೊಲಿದ್ಬಿಟ್ರೆ ಒಳಗೆ ಕೀವು ತುಂಬಿಕೊಳ್ಳತ್ತೆ." ತಲೆಯಿಂದ ಒಂದು ಪಿನ್ನು ತೆಗೆದು ಬಿಲ್ಲೆಗೆ ಚುಚ್ಚಿದಳು. ಒಳಗಿನ್ನೂ ಮೆತ್ತಗಿದ್ದ ಸೀಲರು ಕಿತ್ತುಬಂದು ನೀರು ಸರ್ರೆಂದು ಹೊರಚಿಮ್ಮಿತು. ಮುಂದಿನ ಬಾಗಿಲುಗಳೆರಡೂ ನಲ್ಲಿಗಳಾದವು. ಗೇಟಿನ ಕಾವಲುಗಾರ ಸೀಟಿ ಊದುತ್ತ ಓಡಿಬಂದ.

"ಸಾರ್! ಇಲ್ಲಿ ಕಾರು ತೊಳೀಬಾರದು!"

"ತೊಳೀತಿಲ್ಲಪ್ಪ" ಎಂದರು ಮಾಸ್ಟರು ದೀನರಾಗಿ. "ಹಿಂಡ್ತಿದೀವಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಕಾರಿಗೆ ಒರಗಿ, ಒದ್ದೆ ಬಟ್ಟೆಯಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ಮಾಸ್ಟರು ಅವಮಾನ ಮರೆತು ಅದನ್ನೇ ನೋಡುತ್ತ ನಿಂತರು. ಇನ್ನೂ ನಾಲ್ಕು ಬಾಗಿಲಿದ್ದು ನಾಲ್ಕರಲ್ಲೂ ನೀರು ತುಂಬಿರಬಾರದಿತ್ತೇ ಎನಿಸಿತು.

"ನಕ್ಕಿದ್ದಾಗಿದ್ರೆ ನನ್ನನ್ನ ಬಿಡಿಸ್ತೀರಾ?" ಎಂದರು ಅತ್ತೆಯವರು.

ಸಂಗತಿ ತಿಳಿದು ಅವಳು ಮತ್ತೊಂದು ಸುತ್ತು ನಕ್ಕಳು. ಮಾಸ್ಟರ ಜೇಬಿನಲ್ಲಿ ಚೀಲ ಹೊಲಿಯುವ ದಪ್ಪ ನೈಲಾನು ದಾರದ ಉಂಡೆಯಿತ್ತು. ಬಾಗಿಲ ಮೇಲ್ತುದಿಯಲ್ಲಿ ಸೀಲರು ತಲುಪದ ಒಂದು ಮೂಲೆ ಹುಡುಕಿ, ಅಲ್ಲಿಂದ ದಾರ ತೂರಿಸಿದರು. ಅವಳು ಮುಂದಿನ ಸೀಟಿನ ಮೇಲಿಂದ ಹಿಂದಕ್ಕೆ ದಾಟಿ, ತಾಯಿಯ ಪಕ್ಕ ಮಂಡಿಯೂರಿ, ಒಳಗಿನ ತುದಿ ಹಿಡಿದಳು. ಹೊರಗೆ ಇವರು, ಒಳಗೆ ಅವಳು. ದಾರ ಗರಗಸದಂತೆ ಅತ್ತಿತ್ತ ಆಡತೊಡಗಿತು.

"ಎಳೀರಿ."

"ಎಳೆದೆ. ಈಗ ನೀನು."

ಸೀಲರು ಎಳೆಯೆಳೆಯಾಗಿ ಕತ್ತರಿಸಿಕೊಳ್ಳುತ್ತ ಬಂತು. ಅವಳ ಕೈ ದಾರ ಎಳೆದಾಗಲೆಲ್ಲ ಮಾಸ್ಟರ ಬೆರಳಿಗೆ ಅದು ತಿಳಿಯುತ್ತಿತ್ತು.

"ಸೊರಗಿದೀಯ" ಎಂದರು.

"ನೀವೂ. ಅಮ್ಮ ಮಾತ್ರ ಫೋನಲ್ಲಿ, ಗುಂಡಗಿದಾರೆ, ಎರಡೆರಡು ಸಲ ಬಡಿಸ್ಕೋತಾರೆ ಅಂತಿದ್ಲು."

ಅತ್ತೆಯವರು ಆ ಕಡೆಯ ಕಿಟಕಿಯಿಂದ ರೈಲು ಹಳಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಎಳೀರಿ. ಯಾಕೆ ನಿಲ್ಲಿಸಿದ್ರಿ?"

"ಬಂದ್ಬಿಡೇ" ಎಂದರು ಮಾಸ್ಟರು. ಸಮುದ್ರವಿರಲಿಲ್ಲ. ಎದುರಿಗಿದ್ದದ್ದು ತುಕ್ಕು ಕೆರೆದ ಒಂದು ಬಾಗಿಲು. "ವಾಪಸ್ ಬಂದ್ಬಿಡು. ನನ್ನ ಕೈಲಿ ಆಗ್ತಿಲ್ಲ."

ಒಳಗಿನಿಂದ ದಾರ ಸಡಿಲವಾಯಿತು. ಕಿಟಕಿಯಲ್ಲಿ ಅವಳ ಮುಖ ಕಂಡಿತು, ನಗು ಇರಲಿಲ್ಲ.

"ಇರ್ತೀನಿ ಅಂತ ಹೇಳ್ಬಿಟ್ಟಿದೀನಿ ರೀ. ಇನ್ನೊಂದು ವರ್ಷ. ಮೊನ್ನೆನೇ."

ಮಾಸ್ಟರು ತಲೆಯಾಡಿಸಿದರು. ಏನು ಮಾಡಬೇಕೆಂದು ತೋಚದೆ ದಾರ ಎಳೆದರು. ಅವಳೂ ಎಳೆದಳು.

"ನಾನು ಅವತ್ತು ಪ್ಲಾಟ್‌ಫಾರ್ಮಿನಲ್ಲಿ ಕೇಳಿದ್ದು ನಿಮ್ಮನ್ನ" ಎಂದಳು. "ಇರ್ಲಾ, ಬರ್ಲಾ ಅಂತ. ನೀವು ಕಾರಿನ ತಳ ಅಂದ್ರಿ."

"ಕಟ್ಟಿಹಾಕಬಾರದು ಅಂತ..."

"ಕಟ್ಟಿಹಾಕೋದು ಬೇರೆ, ಕರೆಯೋದು ಬೇರೆ ರೀ." ಅವಳು ದಾರವನ್ನೊಮ್ಮೆ ಜಗ್ಗಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ಅಲ್ಲಿ ನನಗೆ ಎರಡು ಕೋಣೆ ಕೊಟ್ಟಿದಾರೆ. ಮುಂದಿನ ಕೋಣೆ ಕಿಟಕಿ ದೊಡ್ಡದು. ನಿಮ್ಮ ಮಷೀನು ಅಲ್ಲಿಟ್ರೆ ಎಡಗಡೆಯಿಂದ ಬೆಳಕು ಬೀಳತ್ತೆ. ಇಟ್ಟು ನೋಡಿದೀನಿ."

"ಏನನ್ನ ಇಟ್ಟು?"

"ಸ್ಟೂಲಿನ ಮೇಲೆ ನನ್ನ ಸೂಟ್‌ಕೇಸು. ಇನ್ನೂ ಅಲ್ಲೇ ಇದೆ, ತೆಗೆದಿಲ್ಲ. ಅದಕ್ಕೇ ಈ ಸಲ ಚೀಲದಲ್ಲಿ ಬಟ್ಟೆ ತಂದೆ."

ಮಾಸ್ಟರ ಕೈಯಲ್ಲಿ ದಾರ ನಿಂತಿತು. ಎಲ್ಲೋ ದೂರದ ಊರಿನಲ್ಲಿ, ಒಂದು ಕಿಟಕಿಯ ಕೆಳಗೆ, ತಮ್ಮ ಜಾಗ ಹಿಡಿದು ಕೂತ ಆ ಸೂಟ್‌ಕೇಸು ಅವರ ಕಣ್ಣಿಗೆ ಕಟ್ಟಿತು.

"ಹಾಗಾದ್ರೆ ನನ್ನನ್ನ ಯಾಕೆ ಕರೀಲಿಲ್ಲ?"

"ಇಷ್ಟು ವರ್ಷ ಕಟ್ಟಿದ ಅಂಗಡಿ ಬಿಟ್ಟು ಬನ್ನಿ ಅಂತ ಹೇಗೆ ಕರೀಲಿ? ನೀವಾಗೇ ಬರ್ತೀನಿ ಅಂತೀರೇನೋ ಅಂತ ಕಾದೆ."

"ಆಹಾ, ಎಂಥ ಜೋಡಿ!" ಅತ್ತೆಯವರು ಇನ್ನು ತಡೆಯಲಾರದೆ ಹಣೆ ಚಚ್ಚಿಕೊಂಡರು. "ನಡುವೆ ನಾನೊಬ್ಬಳು, ಇಬ್ಬರಿಗೂ ಸುಳ್ಳು ಹೇಳಿ ಹೇಳಿ ನಾಲಗೆ ಸವೆಸ್ಕೊಂಡೆ! ಎಳೀರೋ, ಎಳೀರಿ!"

ಇಬ್ಬರೂ ಕೊನೆಯ ಸಲ ಎಳೆದರು. ಪಟಾರ್ ಎಂದು ಬಾಗಿಲು ತೆರೆದುಕೊಂಡಿತು. ಜೊತೆಗೇ ಅದರೊಳಗೆ ಸಿಕ್ಕಿಕೊಂಡಿದ್ದ ನೀರು ಮಾಸ್ಟರ ಹೊಸ ಚಪ್ಪಲಿಯ ಮೇಲೆ ಸುರಿಯಿತು. ಅವರಿಗದು ತಿಳಿಯಲೇ ಇಲ್ಲ. ಕೆಳಗಿಳಿದ ಹೆಂಡತಿಯನ್ನು, ಕಾವಲುಗಾರ ನೋಡುತ್ತಿದ್ದಂತೆಯೇ, ನೀರು ತೊಟ್ಟಿಕ್ಕುತ್ತಿದ್ದಂತೆಯೇ ತಬ್ಬಿಕೊಂಡರು. ಸೊಂಟ ಇನ್ನೂ ಅರ್ಧ ಇಂಚು ಇಳಿದಿತ್ತು.

"ಎರಡು ಇಂಚು!" ಎಂದರು ಈ ಸಲ ಬಾಯಿಬಿಟ್ಟು. "ಊಟ ಆಯ್ತು ಅಂತ ಸುಳ್ಳು ಹೇಳ್ತಿದ್ಯಾ ದಿನಾ?"

"ನೀವೇನು ಸತ್ಯ ಹೇಳ್ತಿದ್ರಾ?" ಎಂದಳು ಅವಳು ಅವರ ಒದ್ದೆ ಭುಜದಲ್ಲಿ ಮುಖವಿಟ್ಟು.

ಮಾಸ್ಟರಿಗೆ ಮೈಯಲ್ಲಿ ಹೊಸ ರಕ್ತ ಹರಿದಂತಾಯಿತು. ಎದೆ ಸೆಟೆಸಿ, ನೀರು ಸೋರುವ ಕಾರಿನ ನೆತ್ತಿಯನ್ನು ತಟ್ಟಿದರು.

"ಮುಗೀತು! ಅಂಗಡಿ ಖಾಲಿ ಮಾಡ್ತೀನಿ. ನಿನ್ನ ರಜೆ ಮುಗಿಯೋ ದಿನ ಎಲ್ಲರೂ ಒಟ್ಟಿಗೇ ಹೊರಡೋಣ. ಮಷೀನು ಡಿಕ್ಕಿಯಲ್ಲಿ, ಅತ್ತೆ ಹಿಂದಿನ ಸೀಟಲ್ಲಿ, ನೀನು ನನ್ನ ಪಕ್ಕದಲ್ಲಿ! ಎಷ್ಟು ದೂರ ಆದ್ರೂ ಸರಿ, ಇದೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ! ಏನಂತೀರಿ ಅತ್ತೆ?"

ಅತ್ತೆಯವರು ಶಾಲು ಕೊಡವಿಕೊಂಡರು. ಕಾರನ್ನು ಒಮ್ಮೆ ಮೇಲಿಂದ ಕೆಳಗೆ, ಒಮ್ಮೆ ಕೆಳಗಿಂದ ಮೇಲೆ ನೋಡಿದರು. ಆಮೇಲೆ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಕಡೆ ನಡೆಯುತ್ತ ಹೇಳಿದರು:

"ನೀವಿಬ್ರೂ ನಿಧಾನವಾಗಿ ಕಾರಲ್ಲಿ ಬನ್ನಿ. ನಾನು ಟ್ರೈನಲ್ಲಿ ಮುಂಚೆ ಹೋಗಿ ಬಾಗಿಲು ತೆಗೆದಿಟ್ಟಿರ್ತೀನಿ!"